ಮಾವಶಿಯ ಅರ್ಧ ನಿಮಿಷ

ಸುಮಿತ್ರಾ ಮಾವಶಿ ಡೊಂಬಿವಲಿಯಲ್ಲಿ ಇಳಿಯಬೇಕಾದರೆ ಘಾಟ್ಕೋಪರದಲ್ಲೇ ಎದ್ದು ನಿಲ್ಲುತ್ತಿದ್ದರು. ಮುಂಬಯಿಯ ಫಾಸ್ಟ್ ಲೋಕಲ್ ರೈಲಿನಲ್ಲಿ ಮಾಮೂಲಿ ಮನುಷ್ಯರು ಠಾಣೆ ಬಂದಾಗ ಏಳುತ್ತಾರೆ. ಆಗಲೂ ಏಳದಿದ್ದರೆ ಬಾಗಿಲಿನ ಗುಂಪು ದಾಟಲಾಗದೆ ಕಲ್ಯಾಣದಲ್ಲಿ ಇಳಿದು ವಾಪಸು ಬರಬೇಕಾಗುತ್ತದೆ. ಮಾವಶಿಗೆ ಈ ಲೆಕ್ಕವೂ ಸಾಲದು. ಘಾಟ್ಕೋಪರದ ಪ್ಲಾಟ್‌ಫಾರಂ ಹಿಂದೆ ಸರಿಯುವುದೇ ತಡ, ಕಿಟಕಿಯ ಸೀಟು ಬಿಟ್ಟು, ಪರ್ಸನ್ನು ಎದೆಗವಚಿಕೊಂಡು, “ಡೊಂಬಿವಲಿ? ಡೊಂಬಿವಲಿ?” ಎಂದು ಎದುರಿದ್ದವರ ಬೆನ್ನು ತಟ್ಟುತ್ತ ಹೊರಟುಬಿಡುತ್ತಿದ್ದರು. ಅವರು ಬಿಟ್ಟ ಸೀಟಿಗಾಗಿ ಲೇಡೀಸ್ ಡಬ್ಬಾದಲ್ಲಿ ದೊಡ್ಡ ಜಗಳವೇ ಆಗುತ್ತಿತ್ತು. ಅದಕ್ಕೆ ಕಾರಣರಾದ ಮಾವಶಿ ಮಾತ್ರ ಬಾಗಿಲ ಹತ್ತಿರ ನಿಂತು, ಎಲ್ಲರಿಗೂ ಸಮಾಧಾನ ಹೇಳುತ್ತಿದ್ದರು.

ರೈಲಿನಲ್ಲಿ ಕಲಿತ ಬುದ್ಧಿ ರೈಲಿಗೇ ನಿಲ್ಲಲಿಲ್ಲ. ಮದುವೆ ಊಟದಲ್ಲಿ ಮಜ್ಜಿಗೆ ಬರುವ ಮೊದಲೇ ಕೈ ತೊಳೆದು ಬಂದಿರುತ್ತಿದ್ದರು. ಎದುರಿನವರು ವಾಕ್ಯದ ಅರ್ಧಕ್ಕೆ ಬರುವಷ್ಟರಲ್ಲಿ ಇವರು ಅದನ್ನು ಮುಗಿಸಿ, ಉತ್ತರವನ್ನೂ ಕೊಟ್ಟು, ಬೇರೆ ವಿಷಯಕ್ಕೆ ದಾಟಿರುತ್ತಿದ್ದರು. “ಮಾವಶಿ, ನಿಮ್ಮಲ್ಲಿ ಸ್ವಲ್ಪ...” ಎಂದರೆ ಸಾಕು, ಹೆಪ್ಪು ಹಾಕಲು ಮೊಸರು ಕೈಗೆ ಬರುತ್ತಿತ್ತು. ನಾನು ಕೇಳಹೊರಟಿದ್ದು ಕೊತ್ತಂಬರಿ ಸೊಪ್ಪು. ವಾಪಸು ಕೊಡುವುದು ಹೇಗೆ? ಎಷ್ಟೋ ದಿನ ನಮ್ಮ ಮನೆಯಲ್ಲಿ ಕೊತ್ತಂಬರಿ ಇಲ್ಲದ ಸಾರಿನ ಜೊತೆ ಬೇಡದ ಮೊಸರು ಇರುತ್ತಿತ್ತು.

ಅವರ ಯಜಮಾನರು ರಾಮಚಂದ್ರ ಕಾಕಾ ಮದುವೆಯಾದ ಮೇಲೆ ಒಂದು ಮಾತನ್ನೂ ಪೂರ್ತಿ ಆಡಿದ್ದನ್ನು ಯಾರೂ ಕೇಳಿಲ್ಲ. ಆಸ್ಪತ್ರೆಯಲ್ಲಿ ಕೊನೆಗಾಲಕ್ಕೆ ಅವರು “ಸುಮಿತ್ರಾ, ಸ್ವಲ್ಪ...” ಎಂದರಂತೆ. ಮಾವಶಿ ನೀರು ಕುಡಿಸಿದರು. ನೀರು ಬೇಕಿತ್ತೋ ಇನ್ನೇನು ಬೇಕಿತ್ತೋ ಆ ಪುಣ್ಯಾತ್ಮರಿಗೇ ಗೊತ್ತು.

ಡೊಂಬಿವಲಿಯ ನಮ್ಮ ಬಿಲ್ಡಿಂಗಿನಲ್ಲಿ ಅವರ ಮನೆ ಮತ್ತು ನಮ್ಮ ಮನೆಯ ನಡುವೆ ಒಂದೇ ಗೋಡೆ. ಬಿಲ್ಡಿಂಗಿನ ಮರಾಠಿಯವರು ಚಿಕ್ಕಮ್ಮ ಎನ್ನಲು ‘ಮಾವಶಿ’ ಎಂದು ಕರೆದದ್ದೇ ನಮಗೂ ರೂಢಿಯಾಗಿತ್ತು. ಅವರು ಬಾಗಲಕೋಟೆ ಕಡೆಯವರು, ನಾವು ಉಡುಪಿ ಕಡೆಯವರು. ಅವರು ಸಾರಿಗೆ ಹಾಕುವ ಖಾರ ನಮಗಾಗದು, ನಾವು ತಿನ್ನುವ ಮೀನಿನ ವಾಸನೆ ಅವರಿಗಾಗದು. ಇಷ್ಟಿದ್ದರೂ ಬಿಲ್ಡಿಂಗಿನಲ್ಲಿ ಕನ್ನಡ ಮಾತಾಡುವವರು ನಾವೇ ಎರಡು ಮನೆಯಾದ್ದರಿಂದ ಒಬ್ಬರನ್ನೊಬ್ಬರು ಬಿಡುವ ಹಾಗಿರಲಿಲ್ಲ. ಅವರು ರಿಟೈರ್ ಆಗುವ ತನಕ ನಾವಿಬ್ಬರೂ ಒಂದೇ ಲೋಕಲ್‌ನಲ್ಲಿ ಹೋಗಿ ಬರುತ್ತಿದ್ದೆವು.

ಮಾವಶಿಗೆ ಒಬ್ಬಳೇ ಮಗಳು, ವೀಣಾ. ಸಾನಪಾಡಾದಲ್ಲಿ ಸಂಸಾರ. ಒಂದು ಭಾನುವಾರ ಅವಳು ಒಬ್ಬಳೇ ತಾಯಿಯ ಮನೆಗೆ ಬಂದಳು. ಚಪ್ಪಲಿ ಬಿಡುತ್ತಲೇ “ಅವ್ವಾ, ನಿನ್ನೆ ಡಾಕ್ಟರ್ ಹತ್ರ ಹೋಗಿದ್ದೆ...” ಎಂದಳು. ಮುಂದಿನದನ್ನು ಮಾವಶಿ ಕೇಳಿಸಿಕೊಳ್ಳಲಿಲ್ಲ. “ಗೊತ್ತಾತು ಬಿಡ! ಎಷ್ಟು ತಿಂಗಳಾತು?” ಎಂದು ಒಳಗೆ ಓಡಿ ಸಕ್ಕರೆ ಡಬ್ಬಿ ತಂದು ಮಗಳ ಬಾಯಿಗೆ ಒಂದು ಹಿಡಿ ತುರುಕಿದರು. ಹಾಗೇ ಹೊರಬಿದ್ದು ಬಿಲ್ಡಿಂಗಿನ ಮನೆಮನೆಗೂ ಹಂಚಿದರು. ನನಗೂ ಸಿಕ್ಕಿತು, ನಾನೂ ತಿಂದೆ. ವೀಣಾ ಹೇಳಲು ಬಂದಿದ್ದು ಮಗು ನಿಲ್ಲಲಿಲ್ಲ ಎಂಬುದನ್ನು.

ಸಕ್ಕರೆ ಹಂಚಿ ಮಾವಶಿ ಮೇಲೆ ಬರುವಷ್ಟರಲ್ಲಿ ಅವಳು ಹೊರಟುಹೋಗಿದ್ದಳು. ವಿಷಯವನ್ನು ಆಮೇಲೆ ಅಳಿಯ ಫೋನಿನಲ್ಲಿ ತಿಳಿಸಿದ. ಅಂದಿನಿಂದ ವೀಣಾ ತಾಯಿಯ ಫೋನು ಎತ್ತಲಿಲ್ಲ. ಮಾವಶಿ ಸಾನಪಾಡಾಕ್ಕೆ ಹೋದರೆ ಅಳಿಯ ಚಹಾ ಮಾಡಿ ಕೊಡುತ್ತಿದ್ದ, ಮಗಳು ಒಳಗಿನ ಕೋಣೆಯಿಂದ ಹೊರಗೆ ಬರುತ್ತಿರಲಿಲ್ಲ. ಹೀಗೇ ಎರಡು ದೀಪಾವಳಿ ಕಳೆದವು.

ಅಷ್ಟರಲ್ಲಿ ಒಂದು ಕನ್ನಡ ಚಾನೆಲ್ಲಿನವರು ಮುಂಬಯಿ ಕಡೆಯ ಕನ್ನಡಿಗರಿಗಾಗಿಯೇ ಕ್ವಿಜ್ ಕಾರ್ಯಕ್ರಮದ ವಿಶೇಷ ಸಂಚಿಕೆ ಮಾಡುತ್ತಾರೆಂದು ಸುದ್ದಿ ಬಂತು. ಮಾವಶಿ ಹೆಸರು ಕೊಟ್ಟು ಬಂದರು. ನನಗೆ ನಗು ತಡೆಯಲಾಗಲಿಲ್ಲ.

“ಎಂತ ಮಾವಶಿ, ಈ ವಯಸ್ಸಿಗೆ ಟಿವಿ ಮರ್ಲಾ ನಿಮಗೆ? ಗೆದ್ದು ಎಂತ ಮಾಡ್ಲಿಕ್ಕುಂಟು?”

“ಗೆಲ್ಲೋದು ಹಾಳಾಗಿ ಹೋಗ್ಲಿ ತಂಗಿ. ಎರಡನೇ ಸುತ್ತಿನ್ಯಾಗ ಒಬ್ರಿಗೆ ಫೋನ್ ಹಚ್ಚಿ ಉತ್ತರ ಕೇಳಬೌದಂತ. ನಾ ವೀಣಾನ ನಂಬರ ಕೊಟ್ಟೀನಿ. ನಾ ಹಚ್ಚಿದ್ರ ಎತ್ತೂದಿಲ್ಲ ಅಕಿ. ಟಿವಿಯವರು ಹಚ್ಚಿದ್ರ ಎತ್ತಬೇಕಲ್ಲ?”

ಚಾನೆಲ್ಲಿನ ಹುಡುಗಿ ವೀಣಾಳನ್ನು ಕೇಳಿದಾಗ ಅವಳು ಹೂಂ ಅಂದಳಂತೆ. ಆ ಒಂದು ಹೂಂ ಹಿಡಿದುಕೊಂಡು ಮಾವಶಿ ಬಿಲ್ಡಿಂಗಿನ ಮೆಟ್ಟಿಲು ಹತ್ತಿದ ರೀತಿ ನೋಡಬೇಕಿತ್ತು, ಮಂಡಿನೋವೆಲ್ಲ ಎಲ್ಲಿ ಹೋಯಿತೋ.

ಇದ್ದ ತೊಡಕು ಒಂದೇ. ಮೊದಲ ಸುತ್ತು ಬಜರ್‌ನದು. ಮೂವರು ಸ್ಪರ್ಧಿಗಳು, ಕಡಿಮೆ ಅಂಕ ಬಂದವರು ಮನೆಗೆ. ಪ್ರಶ್ನೆ ಮುಗಿಯುವ ಮೊದಲೂ ಬಜರ್ ಒತ್ತಬಹುದು, ಆದರೆ ಉತ್ತರ ತಪ್ಪಿದರೆ ಅಂಕ ಕಳೆಯುತ್ತಾರೆ. ಘಾಟ್ಕೋಪರದಲ್ಲಿ ಎದ್ದು ನಿಲ್ಲುವವರ ಕೈಗೆ ಬಜರ್ ಕೊಟ್ಟರೆ ಏನಾಗಬಹುದು ಎಂಬುದು ನನಗೆ ಆಗಲೇ ಗೊತ್ತಿತ್ತು.

ಶೂಟಿಂಗ್ ಠಾಣೆಯ ಒಂದು ಸ್ಟುಡಿಯೋದಲ್ಲಿ. ಮಾವಶಿಯ ಕಡೆಯಿಂದ ಚಪ್ಪಾಳೆ ತಟ್ಟಲು ನಾನೊಬ್ಬಳೇ ಹೋಗಿದ್ದೆ. ಉಳಿದ ಸ್ಪರ್ಧಿಗಳಲ್ಲಿ ಒಬ್ಬರು ಠಾಣೆಯಲ್ಲಿ ಹೋಟೆಲ್ ಇಟ್ಟಿರುವ ಶೇಖರ ಶೆಟ್ರು, ಇನ್ನೊಬ್ಬ ಐರೋಲಿಯ ಕಂಪನಿಯೊಂದರಲ್ಲಿರುವ ನಿಖಿಲ್ ಎಂಬ ಹುಡುಗ. ಶೆಟ್ರ ಇಡೀ ಸ್ಟಾಫ್ ಪ್ರೇಕ್ಷಕರ ಸಾಲಿನಲ್ಲಿತ್ತು. ಆ ದಿನ ಠಾಣೆಯಲ್ಲಿ ಎಷ್ಟು ಜನ ದೋಸೆ ಸಿಗದೆ ವಾಪಸು ಹೋದರೋ.

ನಿರೂಪಕ ಶುರು ಮಾಡಿದ. “ಕರ್ನಾಟಕದ ಅತಿ ಎತ್ತರದ...”

ಮಾವಶಿ ಬಜರ್ ಗುದ್ದಿದರು. “ಜೋಗ ಜಲಪಾತ!”

“ಅಮ್ಮಾ, ಪ್ರಶ್ನೆ ಕೇಳಿ. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಯಾವ ಜಿಲ್ಲೆಯಲ್ಲಿದೆ?”

ಅಂಕ ಹೋಯಿತು. ಎರಡನೆಯದಕ್ಕೆ ಅವನು “ನಮ್ಮ ರಾಷ್ಟ್ರೀಯ ಪಕ್ಷಿ...” ಎನ್ನುವಷ್ಟರಲ್ಲಿ ಇವರು “ನವಿಲು!” ಎಂದು ಕೂಗಿದ್ದರು. ಅವನು ಪಾಪ, “ರಾಷ್ಟ್ರೀಯ ಪಕ್ಷಿ ನವಿಲು, ಹಾಗಾದರೆ ರಾಷ್ಟ್ರೀಯ ಜಲಚರ ಯಾವುದು?” ಎಂದು ಕೇಳುವವನಿದ್ದ. ಮತ್ತೆ ಅಂಕ ಹೋಯಿತು. ಮಾವಶಿಯ ಎದುರಿನ ಬೋರ್ಡಿನಲ್ಲಿ ಸೊನ್ನೆಗಿಂತ ಕೆಳಗಿನ ಅಂಕ ಕೆಂಪಗೆ ಹೊಳೆಯತೊಡಗಿತು. ನಿರೂಪಕನ ಮುಖವೂ ಅದೇ ಬಣ್ಣಕ್ಕೆ ತಿರುಗುತ್ತಿತ್ತು.

ನಮ್ಮನ್ನು ಕಾಪಾಡಿದ್ದು ಶೆಟ್ರು. ಅವರಿಗೆ ಗೊತ್ತಿಲ್ಲದ್ದೇನೂ ಇರಲಿಲ್ಲ. ಆದರೆ ಗಲ್ಲಾದ ಮೇಲಿನ ಬೆಲ್ ಹೊಡೆದರೆ ಹುಡುಗರು ಓಡಿಬಂದು ನಿಲ್ಲುವುದು ಆಯುಷ್ಯವಿಡೀ ನಡೆದುಬಂದ ಅಭ್ಯಾಸ. ಬಜರ್ ಒತ್ತಿ ಗಂಭೀರವಾಗಿ ಸುಮ್ಮನೆ ಕೂತುಬಿಡುತ್ತಿದ್ದರು. ನಿರೂಪಕ “ಹೇಳಿ ಸಾರ್” ಎಂದರೆ ಅವನನ್ನು ಮೇಲಿಂದ ಕೆಳಗೆ ನೋಡುತ್ತಿದ್ದರು. ಅಷ್ಟರಲ್ಲಿ ಸಮಯ ಮುಗಿದಿರುತ್ತಿತ್ತು. ಒಮ್ಮೆಯಂತೂ ಅವರ ಬಜರ್ ಕೇಳಿ ಹಿಂದಿನ ಸಾಲಿನಿಂದ ಒಬ್ಬ ಸಪ್ಲೈಯರ್ ನಿಜವಾಗಿಯೂ ಎದ್ದು ನಿಂತ.

ಬ್ರೇಕಿನಲ್ಲಿ ನಾನು ಮಾವಶಿಯ ಹತ್ತಿರ ಓಡಿದೆ. “ಎಂತ ಮಾಡ್ತಾ ಇದ್ದೀರಿ ನೀವು? ಹೀಗೇ ಆದ್ರೆ ವೀಣಾಗೆ ಫೋನ್ ಹೋಗುವುದೇ ಇಲ್ಲ! ಬಲಗೈ ಕುಂಡೆ ಅಡಿಗೆ ಇಟ್ಟು ಕೂತ್ಕೊಳ್ಳಿ. ಅವನು ಬಾಯಿ ಮುಚ್ಚಿದ ಮೇಲೆ ಕೈ ತೆಗೀರಿ.”

ಮಾವಶಿ ಚಿಕ್ಕ ಮಗುವಿನ ಹಾಗೆ ನನ್ನನ್ನು ನೋಡಿದರು. ಆಮೇಲೆ ಹೇಳಿದಂತೆಯೇ ಮಾಡಿದರು. ಪ್ರಶ್ನೆ ನಡೆಯುತ್ತಿದ್ದಾಗ ಅವರ ತುಟಿ ಕುಣಿಯುತ್ತಿತ್ತು, ಭುಜ ಎಳೆಯುತ್ತಿತ್ತು, ಕೈ ಮಾತ್ರ ಹೊರಬರಲಿಲ್ಲ. ಪೂರ್ತಿ ಕೇಳಿದ ಮೇಲೆ ಕೊಟ್ಟ ಉತ್ತರಗಳೆಲ್ಲ ಸರಿಯಾದವು. ಸುತ್ತು ಮುಗಿದಾಗ ಶೆಟ್ರಿಗಿಂತ ಕೂದಲೆಳೆಯಷ್ಟು ಮುಂದಿದ್ದರು. ಶೆಟ್ರು ಮಾತ್ರ ಸೋತವರ ಹಾಗೆ ಕಾಣಲೇ ಇಲ್ಲ. ಎದ್ದವರೇ ಸ್ಟುಡಿಯೋದವರಿಗೆಲ್ಲ ಚಹಾ ಬಂತೇ ಎಂದು ವಿಚಾರಿಸುತ್ತ ಹೊರಗೆ ನಡೆದರು.

ಎರಡನೆಯ ಸುತ್ತಿನಲ್ಲಿ ನಿಖಿಲ್ ಚೆನ್ನಾಗಿಯೇ ಆಡಿದ. ಪ್ರತಿ ಉತ್ತರಕ್ಕೂ ಮುಂಚೆ “ವೋ... ಕ್ಯಾ ಬೋಲ್ತೇ ಹೈ...” ಎಂದು ಹಿಂದಿಯಲ್ಲಿ ಚಡಪಡಿಸಿ, ಪ್ರೇಕ್ಷಕರಲ್ಲಿ ಕೂತ ತನ್ನಮ್ಮನ ಮುಖ ನೋಡಿ, ಕನ್ನಡದಲ್ಲಿ ಹೇಳುತ್ತಿದ್ದ. ಮಾವಶಿಯೂ ಸರಿಸಮ ನಿಂತಿದ್ದರು. ಕೊನೆಯ ಪ್ರಶ್ನೆ ಮಾವಶಿಯ ಪಾಲಿಗೆ ಬಂತು. ಐಹೊಳೆ ಯಾವ ನದಿಯ ದಡದಲ್ಲಿದೆ? ಕೃಷ್ಣಾ, ಘಟಪ್ರಭಾ, ಮಲಪ್ರಭಾ, ಭೀಮಾ.

ನಾನು ಕುಳಿತಲ್ಲೇ ಕುಣಿದೆ. ಐಹೊಳೆಯ ಮಗ್ಗುಲಿನ ಹಳ್ಳಿಯೇ ಮಾವಶಿಯ ತವರು. ಮಲಪ್ರಭೆಯಲ್ಲಿ ಈಸಿದ್ದು, ಮಲಪ್ರಭೆಯಲ್ಲಿ ಕೌದಿ ಒಗೆದದ್ದು, ಮಲಪ್ರಭೆಯ ದಂಡೆಯಲ್ಲಿ ಬದನೆಕಾಯಿ ಸುಟ್ಟು ತಿಂದದ್ದು ಎಲ್ಲವನ್ನೂ ಕೇಳಿ ಕೇಳಿ ನಮ್ಮ ಡಬ್ಬಾದ ಗುಜರಾತಿ ಹೆಂಗಸರಿಗೂ ಆ ನದಿಯ ಹೆಸರು ಬಾಯಿಪಾಠವಾಗಿತ್ತು.

ಮಾವಶಿ ಉತ್ತರ ಹೇಳಲಿಲ್ಲ. “ನನ್ನ ಮಗಳಿಗೆ ಫೋನ್ ಹಚ್ಚರಿ” ಅಂದರು.

ರಿಂಗಾಯಿತು. ಬಹಳ ಹೊತ್ತು ರಿಂಗಾಯಿತು. ಆಮೇಲೆ ಸ್ಟುಡಿಯೋ ತುಂಬ ವೀಣಾಳ ದನಿ ಕೇಳಿಸಿತು. “ಹಲೋ. ಹೇಳವ್ವಾ.”

ಇದ್ದದ್ದು ಅರ್ಧ ನಿಮಿಷ. ಮಾವಶಿ ಪ್ರಶ್ನೆ ಓದಿದರು, ನಾಲ್ಕು ಹೆಸರು ಓದಿದರು, ನಿಲ್ಲಿಸಿದರು. ಆ ಕಡೆಯಿಂದ “ಅದು...” ಎಂದಿತು. ಮತ್ತೆ ಸದ್ದಿಲ್ಲ. ಗಡಿಯಾರ ಟಕಟಕ ಎನ್ನುತ್ತಿತ್ತು. ಮಾವಶಿ ಎಡಗೈಯಿಂದ ಬಾಯಿ ಮುಚ್ಚಿಕೊಂಡಿದ್ದರು, ಬಲಗೈ ಇನ್ನೂ ಅಡಿಯಲ್ಲೇ ಇತ್ತು. ಕಣ್ಣಲ್ಲಿ ನೀರು ತುಂಬಿತ್ತು. ಆ ವಯಸ್ಸಾದ ಹೆಂಗಸು ಸುಮ್ಮನಿರಲು ಅಷ್ಟು ಕಷ್ಟಪಡುವುದನ್ನು ನಾನು ಎಂದೂ ನೋಡಿರಲಿಲ್ಲ.

“ಅವ್ವಾ, ನನಗನಸ್ತೈತಿ...” ಮತ್ತೆ ಮೌನ. “ಘಟಪ್ರಭಾ ಇರಬೇಕವ್ವಾ. ಹೌದು, ಘಟಪ್ರಭಾ.”

“ಆತು ವೀಣಾ” ಅಂದರು ಮಾವಶಿ. ಫೋನು ಕಟ್ಟಾಯಿತು.

“ನಿಮ್ಮ ಉತ್ತರ?”

“ಘಟಪ್ರಭಾ.”

ನಿರೂಪಕನಿಗೇ ಸಂಕಟವಾಗಿರಬೇಕು. “ಅಮ್ಮಾ, ನೀವು ಆ ಕಡೆಯವರೇ ಅಲ್ವಾ? ಇನ್ನೊಮ್ಮೆ ಯೋಚನೆ ಮಾಡಿ.”

“ನನ್ನ ಮಗಳು ಹೇಳ್ಯಾಳ. ಅದನ್ನ ಬರ್ಕೋರಿ.”

ಉತ್ತರ ತಪ್ಪಾಯಿತು. ಪ್ರಶ್ನೆ ನಿಖಿಲ್‌ಗೆ ಹೋಯಿತು. ಅವನು ಅಮ್ಮನ ಮುಖ ನೋಡಿ ಮಲಪ್ರಭಾ ಅಂದ, ಗೆದ್ದ. ಬಣ್ಣದ ಕಾಗದದ ಚೂರು ಹಾರಿದವು. ಅರ್ಧ ಮಾವಶಿಯ ತಲೆಯ ಮೇಲೆ ಬಿತ್ತು.

ವಾಪಸು ಬರುವಾಗ ಸ್ಲೋ ಟ್ರೇನಿನಲ್ಲಿ ನಾನು ಅವರನ್ನು ಚೆನ್ನಾಗಿ ಬೈದೆ. ಮಾವಶಿಯ ತಲೆಯಲ್ಲಿ ಬೇರೆಯೇ ಓಡುತ್ತಿತ್ತು. “ಶೋಭಾ, ಅಕಿ ಪೂರಾ ಮಾತಾಡಿದ್ಲು ಅಲಾ? ನಾ ನಡುವ ಏನರೆ ಅಂದ್ನೇನ? ಅನ್ನಲಿಲ್ಲಲಾ?”

“ಇಲ್ಲ ಮಾವಶಿ. ಒಂದು ಅಕ್ಷರ ಅನ್ಲಿಲ್ಲ.”

ಮುಂಬ್ರಾ ದಾಟುವವರೆಗೆ ಅದನ್ನೇ ಮತ್ತೆ ಮತ್ತೆ ಕೇಳಿದರು.

ಮುಂದಿನ ಭಾನುವಾರ ವೀಣಾ ಬಂದಳು. ಬಾಗಿಲು ಹಾಕಿಕೊಂಡರು. ಮಧ್ಯಾಹ್ನವಿಡೀ ಗೋಡೆಯ ಆಚೆಯಿಂದ ಅವಳೊಬ್ಬಳ ದನಿಯೇ ಕೇಳುತ್ತಿತ್ತು. ಮಾತು ಬಿಡಿಸಿ ಕೇಳಿಸಲಿಲ್ಲ, ನಾನೂ ಕಿವಿಗೊಡಲಿಲ್ಲ. ನಡುನಡುವೆ ಅಳು ಇತ್ತು. ಅಷ್ಟು ಹೊತ್ತು ಆ ಮನೆಯಲ್ಲಿ ಮಾವಶಿಯ ಧ್ವನಿ ಇಲ್ಲದ್ದು ನಾನು ಕಂಡಂತೆ ಅದೇ ಮೊದಲು. ಆ ಮಧ್ಯಾಹ್ನದ ನಂತರ ಬುದ್ಧಿ ಬದಲಾಗಿ ಸಾಧ್ವಿಯಾದರು ಎಂದು ಯಾರೂ ತಿಳಿಯಬೇಡಿ. ಮರುದಿನ ನಾನು “ಮಾವಶಿ, ನಿಮ್ಮಲ್ಲಿ...” ಎಂದೆ, ಮೊಸರು ಬಂತು. ಮಗಳು ಮಾತಾಡುವಾಗ ಮಾತ್ರ ಕೈ ಬಾಯಿಗೆ ಹೋಗುತ್ತಿತ್ತು.

ಹೋದ ಮಳೆಗಾಲದಲ್ಲಿ ಮಾವಶಿ ತೀರಿಕೊಂಡರು. ಒಂದು ಬೆಳಿಗ್ಗೆ ಚಹಾ ಇಟ್ಟವರು ಕುಡಿಯಲು ಉಳಿಯಲಿಲ್ಲ. ನನಗೆ ಅವರ ಮೇಲೆ ಇವತ್ತಿಗೂ ಸಿಟ್ಟಿದೆ. ಲೋಕಲ್‌ನಲ್ಲಿ ಮಾತಿಗೆ ಜನವಿಲ್ಲದೆ ಎಷ್ಟೋ ಕಾಲವಾಯಿತು, ಈಗ ಗೋಡೆಯ ಆಚೆಯೂ ಸದ್ದಿಲ್ಲ. ಮನೆಯಲ್ಲಿ ಬೇಕಾದಷ್ಟು ಕೊತ್ತಂಬರಿ ಇದೆ.

ಮನೆ ಖಾಲಿ ಮಾಡಲು ಬಂದ ವೀಣಾ ನಮ್ಮಲ್ಲಿ ಊಟಕ್ಕೆ ಕೂತಳು. ತಟ್ಟೆಯಲ್ಲಿ ಅನ್ನ ಕಲಸುತ್ತ ಕೇಳಿದಳು. “ಶೋಭಕ್ಕಾ, ನೀವು ಅಲ್ಲೇ ಕೂತಿದ್ರಿ. ಖರೇ ಹೇಳ್ರಿ. ಅವ್ವಗ ಅವತ್ತು ಉತ್ತರ ಗೊತ್ತಿತ್ತೇನು? ನಾ ಎಷ್ಟು ಸಲ ಕೇಳಿದ್ರೂ ಮರ್ತು ಹೋಗಿತ್ತು ಅಂತಿದ್ಲು.”

ಸತ್ತವರ ಸುಳ್ಳು ಕಾಯುವ ತಾಳ್ಮೆ ನನಗಿಲ್ಲ. “ಗೊತ್ತಿತ್ತು ಮಾರಾಯ್ತಿ. ಅವರಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರ್ತದೆ?”

ವೀಣಾ ಕೈ ನಿಲ್ಲಿಸಿದಳು.

“ನನಗೂ ಗೊತ್ತಿತ್ತಕ್ಕಾ. ಪ್ರತಿ ವರ್ಷ ಮೇ ಸೂಟಿಗೆ ಅಜ್ಜಿ ಊರಿಗೆ ಹೋಗಿ ಅದ ಹೊಳ್ಯಾಗ ಈಸೀನಿ. ಬೇಕಂತ ತಪ್ಪು ಹೇಳ್ದೆ. ಇಷ್ಟು ದೊಡ್ಡ ತಪ್ಪು ಹೇಳಿದ್ರ ಅಕಿ ನಡುವ ಬಾಯಿ ಹಾಕೇ ಹಾಕ್ತಾಳ, ಹಾಕಿದ್ಲಂದ್ರ ಫೋನ್ ಇಟ್ಟುಬಿಡೂದು, ಮತ್ತೆಂದೂ ಈ ಕಡೆ ಬರೂದು ಬ್ಯಾಡ ಅಂತ ಕಾಯ್ಕೊಂಡು ಕೂತಿದ್ದೆ.”

ಅವಳು ತಟ್ಟೆಯನ್ನೇ ನೋಡುತ್ತಿದ್ದಳು.

“ಅಕಿ ಬಾಯಿ ಹಾಕಲೇ ಇಲ್ಲಕ್ಕಾ.”