ಸ್ಲಾಟಿನೊಳಗಿನ ಕುಂಕುಮ

ಇಳಕಲ್ಲಿನಾಗ ನಮ್ಮಣ್ಣನ ಫೋಟೋ ಸ್ಟುಡಿಯೋ ಇತ್ತು. ತಮ್ಮವರು ಬದುಕಿದ್ದಾಗ ಒಂದೂ ಫೋಟೋ ತಗಸದ ಮಂದಿ, ಅವರು ಹೋದಮ್ಯಾಲೆ ಓಡಿ ಬರತಿದ್ರು. ಹೆಣದ ಫೋಟೋ ತಗದು, ಮುಚ್ಚಿದ ರೆಪ್ಪಿ ಮ್ಯಾಲೆ ಅಣ್ಣ ಬ್ರಷ್‌ನಿಂದ ಕಣ್ಣು ಬರೀತಿದ್ದ. ಕಂಪ್ಯೂಟರ್ ಬಂದಮ್ಯಾಲೆ ಆ ಕೆಲಸ ನನ್ನ ಕೊರಳಿಗೆ ಬಿತ್ತು. ಬದುಕಿದವರ ಕಣ್ಣು ಕತ್ತರಿಸಿ ಸತ್ತವರ ಮುಖಕ್ಕ ಕೂಡ್ರಸೂದು! ನನಗ ಮೈ ಜುಂ ಅಂತಿತ್ತು. "ನಿನಗೇನ್ ಧಾಡಿ? ಮಾಡೂದು ಮಷೀನು" ಅಂತಿದ್ದ ಅಣ್ಣ.

ಒಂದು ದಸರಾ ಆದಮ್ಯಾಲೆ, ಹಿಂದಿನ ಓಣಿಯ ಮಗ್ಗದಾಕಿ ಒಬ್ಬಾಕಿ ಬಂದಳು. ಇನ್ನೂ ಸಾಲಿಗೆ ಹಚ್ಚದ ಮಗಳು ಜ್ವರದಾಗ ಹೋಗಿತ್ತು. ಹೋದ ದಿನ ಅಣ್ಣ ತಗದ ಫೋಟೋ ಒಂದ ಇದ್ದದ್ದು.

"ಕಣ್ಣು ತೆರಸ್ರಿ ಅಕ್ಕಾರ. ಮಗ್ಗದ ಎದುರಿಗೆ ಹಾಕ್ತೇನಿ. ನಾ ನೇಯೂಮುಂದ ನನ್ನ ನೋಡ್ಕೋತ ಕುಂಡ್ರತಿತ್ರಿ ಅದು. ಈಗ ನೋಡವ್ರಿಲ್ಲ, ಕೈಯಾಡವಲ್ದು."

"ಕಣ್ಣು ಯಾರನ್ನ ಹೋಲತಿದ್ವು?"

"ನನ್ನ ಕಣ್ಣಿನಂಗ ರೀ."

ಅವಳ ಫೋಟೋ ಹೊಡದೆ. ಅವಳನ್ನ ಬಾಜೂಕ ಕೂಡ್ರಿಸಿಕೊಂಡು ಕೂಸಿನ ಮುಖ ಪರದೆ ತುಂಬ ದೊಡ್ಡದು ಮಾಡಿದೆ. ಅಷ್ಟರಾಗ ಆ ಮುಚ್ಚಿದ ರೆಪ್ಪಿ ಮ್ಯಾಲೆ ಕೆಂಪು ಚುಕ್ಕಿ ಮೂಡಿದವು. ಸೆರಗಿನಿಂದ ಪರದೆ ಒರಸಿದೆ, ಹೋಗಲಿಲ್ಲ. ಮತ್ತಷ್ಟು ಬಂದು ನಡಗಾಕ ಹತ್ತಿದವು. ಪ್ಲಾಸ್ಟಿಕ್ ಸುಟ್ಟ ವಾಸನಿ ಬಂತು, ಪರದೆ ಕಪ್ಪಾತು. ನಾ ಗಾಬರ್ಯಾಗಿ ಪ್ಲಗ್ ಕಿತ್ತೆ. ಅವಳು ಮಾತ್ರ ಕಪ್ಪು ಪರದೆ ನೋಡಿ ನಕ್ಕಳು, ಎದ್ದು ಹೋದಳು. ಮಗಳನ್ನ ಕಳಕೊಂಡಾಕಿ ಯಾಕ ನಗತಾಳ ಅಂತ ನನಗ ಇನ್ನಷ್ಟು ಅಂಜಿಕಿ ಬಂತು.

ಅಣ್ಣ ಕಂಪ್ಯೂಟರಿನ ಡಬ್ಬಿ ಬಿಚ್ಚಿದ. ಪರದೆಗೆ ಚಿತ್ರ ಕಳಸೂ ಗ್ರಾಫಿಕ್ಸ್ ಕಾರ್ಡು ಕಿತ್ತಿದ್ರ, ಅದು ಕೂಡೂ ಮದರ್‌ಬೋರ್ಡಿನ ಸ್ಲಾಟು ಒಂದು ತುದಿಗೆ ಕರಗಿ ಕರ್ರಗಾಗಿತ್ತು. ಒಳಗಿನ ಸಣ್ಣ ತಾಮ್ರದ ಹಲ್ಲು ಸುಟ್ಟಿದ್ವು. ಅವುಗಳ ನಡಬರಕ ಕೆಂಪು ಹೆಪ್ಪು.

"ಇದೇನೋ ಅಣ್ಣಾ?"

"ದಸರಾದಾಗ ಮಷೀನಿಗೆ ಖಂಡೇ ಪೂಜಿ ಮಾಡಿದ್ನಲ್ಲ, ಆ ಕುಂಕುಮ. ನೀರಾಗ ಕಲಸಿ ಒಳಗ ಹಚ್ಚಿದ್ದೆ."

"ಅಯ್ಯ ನಿನ್ನ! ಡಬ್ಬಿಗೆ ಹಚ್ಚಿದ್ರ ಸಾಕಾಗ್ತಿರಲಿಲ್ಲ?"

"ಕೆಲಸ ಮಾಡೂದು ಒಳಗಿಂದಲ್ಲೇನ ಮತ್ತ?"

ಏನಂತ ಬೈಯೂದು ಇಂಥಾವಂಗ! ಬಾಯಿ ನೋವಾಗೂ ತನಕ ಬೈದೆ. ಕಡೀಕ ಬಾಗಲಕೋಟಿಗೆ ಹೋಗಿ ಬ್ಯಾರೆ ಬೋರ್ಡು ಹಾಕಿಸಿಕೊಂಡು ಬಂದ. ಪುಣ್ಯಾಕ್ಕ ಫೋಟೋ ಎಲ್ಲಾ ಉಳದಿದ್ವು.

ಅವಳು ತಿರುಗಿ ಬರಲೇ ಇಲ್ಲ. ನಾನ ಅವಳ ಮನಿಗೆ ಹೋದೆ. ಮಗ್ಗ ಧಡಧಡ ನಡದಿತ್ತು. "ಬರ್ರಿ, ಕಣ್ಣು ಹಚ್ಚಿ ಕೊಡ್ತೇನಿ" ಅಂದೆ.

"ಬ್ಯಾಡ್ರಿ ಅಕ್ಕಾರ. ಅವತ್ತ ಕಣ್ಣು ತೆರೀತಲ್ರಿ ಅದು. ಕೆಂಪಗಿದ್ವು, ನಿದ್ದಿಗಣ್ಣು. ನನ್ನ ನೋಡಿ ಮತ್ತ ಮಲಗೇತಿ. ಎಬ್ಬಸಬ್ಯಾಡ್ರಿ."

ನಾ ಇನ್ನೂ ಒಂದು ಕಣ್ಣೂ ಕತ್ತರಿಸಿರಲಿಲ್ಲ. ಆ ಮಾತು ನಾಲಿಗಿ ತುದೀಗೆ ಬಂತು, ನುಂಗಿಕೊಂಡೆ. ಅವಳ ಮುಖದಾಗಿನ ಆ ಸಮಾಧಾನ ಕಂಡು ನನ್ನ ಕಣ್ಣಾಗ ನೀರು ಬಂದವು.

"ಹಂಗಾರ ಆ ಫೋಟೋ ಇದ್ದಂಗ ಕಟ್ಟು ಹಾಕಿಸಿ ಕೊಡ್ಲೇನು? ಗ್ವಾಡಿಗೆ ಅಣ್ಣ ಬಂದು ಹಾಕ್ತಾನ."

"ಹೂನ್ರಿ" ಅಂದಳು. "ಮಗ್ಗದ ಸಪ್ಪಳಕ್ಕ ಅದು ಏಳೂದಿಲ್ಲ, ರೂಢಿ ಐತಿ. ಮೊಳಿ ಅಷ್ಟ ಮೆಲ್ಲಕ ಹೊಡಿ ಅಂತ ಹೇಳ್ರಿ."