ಅತ್ತೆ ಕೂತರೆ ಮಾತ್ರ ಕೆಮ್ಮುವ ಕಾರು

ಓದುವ ಕೋಣೆಯಲ್ಲಿ ಯಾರಾದರೂ ಕುರ್ಚಿ ಎಳೆದರೆ ಸಾಕು, ಕೌಂಟರಿನ ಹಿಂದಿನಿಂದ ‘ಶ್’ ಎಂದು ಬರುತ್ತಿತ್ತು. ಹಾಗಾಗಿ ಆ ಲೈಬ್ರರಿಯನ್ನರಿಗೆ ಶ್ ಸಾರ್ ಎಂದೇ ಹೆಸರು ಬಿದ್ದಿತ್ತು. ಮನೆಯಲ್ಲೂ ಅವರ ಸ್ವಭಾವ ಬೇರೆಯಿರಲಿಲ್ಲ. ಬಾಗಿಲನ್ನು ಅವರು ಮುಚ್ಚುತ್ತಿರಲಿಲ್ಲ, ಮೆಲ್ಲಗೆ ಚೌಕಟ್ಟಿಗೆ ಒಪ್ಪಿಸುತ್ತಿದ್ದರು. ಸೀನು ಬಂದರೆ ಬಚ್ಚಲಿಗೆ ಹೋಗಿ ಸೀನಿ ಬರುತ್ತಿದ್ದರು. ಇಂಥ ಮನುಷ್ಯ ಟರ್ಬೊ ಇರುವ ಕಾರನ್ನು ಯಾಕೆ ಕೊಂಡರೆಂದು ಕೇಳಿದರೆ, ಬಣ್ಣ ಚೆನ್ನಾಗಿತ್ತು ಎನ್ನುತ್ತಿದ್ದರು.

ಬಣ್ಣವೂ ಅಲ್ಲ, ಮಣ್ಣೂ ಅಲ್ಲ. ಊರಾಚೆ ಕಣ್ಣಾಸ್ಪತ್ರೆಗೆ ಹತ್ತುವ ಏರುರಸ್ತೆ ಸಿಕ್ಕಿದರೆ ಸಾಕು, ಈ ಸಾಧು ಪ್ರಾಣಿ ಎರಡನೇ ಗೇರಿಗೆ ಹಾಕಿ ಎಂಜಿನ್ ಅರಚುವವರೆಗೆ ತುಳಿಯುತ್ತಿದ್ದರು. ದಿನವಿಡೀ ನುಂಗಿಕೊಂಡ ಸದ್ದನ್ನೆಲ್ಲ ಅಲ್ಲಿ ಕಕ್ಕಿ ಬಂದರೆ ಅವರಿಗೆ ರಾತ್ರಿ ಒಳ್ಳೆಯ ನಿದ್ದೆ. ಈ ಗುಟ್ಟು ಗೊತ್ತಿದ್ದದ್ದು ಪಕ್ಕದ ಸೀಟಿನಲ್ಲಿ ಕಿವಿ ಮುಚ್ಚಿ ಕೂರುತ್ತಿದ್ದ ಹೆಂಡತಿಗೆ ಮಾತ್ರ.

ಅತ್ತೆ ಬಂದದ್ದು ಕಣ್ಣಿನ ಆಪರೇಷನ್ನಿಗೆ. ಒಂದು ಕಣ್ಣು ಆಗಲೇ ಹೋಗಿತ್ತು. ಇನ್ನೊಂದರ ಪೊರೆ ಹಣ್ಣಾಗಿದೆ, ತಡ ಮಾಡಿದರೆ ಅದೂ ದಕ್ಕುವುದಿಲ್ಲ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಹಿಂದೆ ಕೂತರೆ ತಲೆ ಸುತ್ತುತ್ತದೆಂದು ಆಕೆ ಮುಂದೆ ಅಳಿಯನ ಪಕ್ಕ ಕೂತರು. ಏರಿನ ಅರ್ಧಕ್ಕೆ ಬರುವಷ್ಟರಲ್ಲಿ ಕಾರು ಕೆಮ್ಮಿತು. ಮುಗ್ಗರಿಸಿತು. ಮೀಟರಿನಲ್ಲಿ ಹಳದಿ ದೀಪ ಕಣ್ಣು ಮಿಟುಕಿಸತೊಡಗಿತು. ಅದು ಮಿಟುಕಿಸಿದರೆ ಗಾಡಿ ಓಡಿಸಬಾರದೆಂದು ಓದಿ ತಿಳಿದಿದ್ದ ಶ್ ಸಾರ್ ಹಾಗೇ ಹಿಂದಿರುಗಿದರು.

ಬೀದಿಯ ಮೆಕ್ಯಾನಿಕ್ ಏರಿನ ಮೇಲೆ ಓಡಿಸಿ ನೋಡಿ, “ಏನೂ ಇಲ್ಲ ಸಾರ್, ಕುದುರೆ ಥರ ಹೋಗ್ತಿದೆ” ಅಂದ. ಮತ್ತೆ ಅತ್ತೆಯನ್ನು ಕೂರಿಸಿಕೊಂಡು ಹೊರಟರೆ ಅದೇ ಜಾಗ, ಅದೇ ಕೆಮ್ಮು.

“ಎರಡು ಸಲ ಅಡ್ಡ ಬಂತು,” ಅಂದರು ಅತ್ತೆ. “ಆ ಕಾರಿಗೆ ನಾನು ಬೇಡ. ಮೂರನೇ ಸಲವೂ ಹೀಗಾದ್ರೆ ನಾನು ಸೀದಾ ತಂಗಿ ಮನೆಗೆ. ಕಣ್ಣೂ ಬೇಡ, ಏನೂ ಬೇಡ.”

“ಬಾಡಿಗೆ ಕಾರಲ್ಲಿ ಹೋಗೋಣಮ್ಮ,” ಅಂದಳು ಮಗಳು.

“ಬಾಡಿಗೆ ಕಾರಿನ ವಾಸನೆಗೇ ನಂಗೆ ವಾಂತಿ.”

ಜಪ್ಪಯ್ಯ ಅಂದರೂ ಆಕೆ ಪಟ್ಟು ಬಿಡಲಿಲ್ಲ.

ಶ್ ಸಾರ್ ರಜೆ ಹಾಕಿ, ಮನೆಯ ಮುಂದೆ ಬಾನೆಟ್ ಎತ್ತಿ ನಿಂತರು. ಎಂಜಿನ್ನಿನ ತಪ್ಪು ಹಿಡಿಯಲು ಸ್ಟೀರಿಂಗ್ ಕೆಳಗೆ ಸಿಕ್ಕಿಸುವ ಒಂದು ಪುಟ್ಟ ಸಾಧನ ತಂದರು. ತಪ್ಪು ಎರಡನೇ ಸಿಲಿಂಡರಿನದು ಎಂದು ಅದು ಫೋನಿನಲ್ಲಿ ಚಾಡಿ ಹೇಳಿತು. ತಪ್ಪೇನು ಎಂದು ಮಾತ್ರ ಹೇಳಲಿಲ್ಲ. ಅದನ್ನು ಹುಡುಕಲು ಕೆಮ್ಮನ್ನು ಬೇಕೆಂದಾಗ ಬರಿಸಬೇಕು. ಒಬ್ಬರೇ ಹೋದರು, ಕೆಮ್ಮಲಿಲ್ಲ. ಹೆಂಡತಿಯನ್ನು ಕೂರಿಸಿಕೊಂಡು ಹೋದರು, ಕೆಮ್ಮಲಿಲ್ಲ. ಭಾರದಿಂದ ಇರಬಹುದೆಂದು ಲೈಬ್ರರಿಯ ಹಳೆಯ ವಿಶ್ವಕೋಶಗಳನ್ನು ಅತ್ತೆಯಷ್ಟೇ ತೂಕಕ್ಕೆ ಪೇರಿಸಿ, ಬೆಲ್ಟ್ ಕಟ್ಟಿ ಒಯ್ದರು. ವಿಶ್ವಕೋಶಗಳು ಸುಖವಾಗಿ ಹೋಗಿ ಬಂದವು. ಅತ್ತೆ ಇದನ್ನೆಲ್ಲ ಕಿಟಕಿಯಿಂದ ನೋಡುತ್ತಿದ್ದರು, ಕಂಡಷ್ಟು.

“ಪುಸ್ತಕಕ್ಕೆ ಕೆಮ್ಮಲ್ಲ, ನಿನಗೆ ಕೆಮ್ಮಲ್ಲ,” ಎಂದು ಮಗಳಿಗೆ ಹೇಳಿದರು. “ನಾನು ಹೇಳಿದ್ನಲ್ಲ.”

ಶ್ ಸಾರ್‌ಗೆ ತಮ್ಮ ಕಾರೇ ಅತ್ತೆಯನ್ನು ಬೇಡವೆಂದಂತಾಗಿ ಅವಮಾನವಾಯಿತು. ಹೆತ್ತ ತಾಯಿಯನ್ನು ಚಿಕ್ಕಂದಿನಲ್ಲೇ ಕಳೆದುಕೊಂಡಿದ್ದ ಅವರಿಗೆ ಈ ಅತ್ತೆ ಎಂದರೆ ಜೀವ. ಅದನ್ನು ಬಾಯಿಬಿಟ್ಟು ಹೇಳಿದವರಲ್ಲ, ಅಷ್ಟೇ.

ಆವತ್ತು ಸಂಜೆ ತಟ್ಟೆ ಒರೆಸುತ್ತಿದ್ದ ಹೆಂಡತಿ ಇದ್ದಕ್ಕಿದ್ದಂತೆ ಅಂದಳು: “ಅಲ್ಲರೀ, ಅಮ್ಮ ಕೂತಾಗ ನೀವು ಯಾವ ಗೇರಲ್ಲಿ ಹತ್ತಿಸ್ತೀರಿ?”

“ನಾಲ್ಕನೇದು.”

“ನನ್ನನ್ನ ಕೂರಿಸ್ಕೊಂಡಾಗ?”

ಶ್ ಸಾರ್ ಎರಡು ಬೆರಳು ಎತ್ತಿದರು; ವಿಶ್ವಕೋಶಗಳು ಹತ್ತಿದ್ದೂ ಅದರಲ್ಲೇ. ಅತ್ತೆಯ ಎದುರು ದನಿ ಎತ್ತದವರು ಎಂಜಿನ್ನಿನ ದನಿಯನ್ನು ಎತ್ತಿಸುತ್ತಾರೆಯೇ? ಸದ್ದಾಗದಿರಲೆಂದು ಮೇಲಿನ ಗೇರಿನಲ್ಲೇ ಬಡಪಾಯಿ ಕಾರನ್ನು ಏದುಸಿರು ಬಿಡಿಸುತ್ತ ಹತ್ತಿಸುತ್ತಿದ್ದರು. ಹಾಗೆ ಹತ್ತಿಸಿದರೆ ಟರ್ಬೊ ಸಿಲಿಂಡರಿನೊಳಗೆ ಗಾಳಿಯನ್ನು ಒತ್ತಿ ಒತ್ತಿ ತುಂಬುತ್ತದೆ. ಪೆಟ್ರೋಲಿಗೆ ಬೆಂಕಿ ಹಚ್ಚುವ ಕಿಡಿ ಬಡಕಲಾಗಿದ್ದರೆ ಆ ಒತ್ತಡದಲ್ಲಿ ಹಾರುವುದೇ ಇಲ್ಲ. ಕಾರು ಕೆಮ್ಮುತ್ತಿದ್ದದ್ದು ಅತ್ತೆಗಲ್ಲ, ಅಳಿಯನ ಮರ್ಯಾದೆಗೆ.

ಮಾರನೆಯ ದಿನ ಒಬ್ಬರೇ ನಾಲ್ಕನೇ ಗೇರಿನಲ್ಲಿ ಹತ್ತಿಸಿದರು. ಕೆಮ್ಮಿತು. ಆ ಕೆಮ್ಮು ಕೇಳಿ ಅವರಿಗಾದ ಸಂತೋಷ ಅಷ್ಟಿಷ್ಟಲ್ಲ. ಎರಡನೇ ಸಿಲಿಂಡರಿನ ಕಿಡಿಗೆ ವಿದ್ಯುತ್ ಕೊಡುವ ಕಾಯಿಲನ್ನು ಮೂರನೆಯದರ ಜೊತೆ ಅದಲುಬದಲು ಮಾಡಿ ನೋಡಿದರು. ಸಾಧನದ ದೂರು ಎರಡರಲ್ಲೇ ಉಳಿಯಿತು, ಕಾಯಿಲ್ ನಿರಪರಾಧಿ. ಕಿಡಿ ಹಾರಿಸುವ ಪ್ಲಗ್ಗನ್ನೂ ಹಾಗೇ ಅದಲುಬದಲು ಮಾಡಿದರು, ದೂರು ಮೂರಕ್ಕೆ ಓಡಿತು. ಕಳ್ಳ ಸಿಕ್ಕಿದ. ಬಿಚ್ಚಿ ನೋಡಿದರೆ ಅದರ ಬಿಳಿ ಪಿಂಗಾಣಿಯ ಮೇಲೆ ಕೂದಲೆಳೆಯಂಥ ಬಿರುಕು. ನಾಲ್ಕೂ ಹೊಸ ಪ್ಲಗ್ ಹಾಕಿ, ನಾಲ್ಕನೇ ಗೇರಿನಲ್ಲಿ ಮತ್ತೆ ಹತ್ತಿಸಿದರು. ಕಾರು ಗಂಟಲು ಸರಿಮಾಡಿಕೊಳ್ಳಲೂ ಇಲ್ಲ.

ಆಪರೇಷನ್ನಿನ ದಿನ ಅತ್ತೆ ಮುಂದೆ ಕೂತರು, ಹೆಂಡತಿ ಹಿಂದೆ. ಅತ್ತೆಯ ಬಟ್ಟೆಬರೆಯ ಚೀಲವೂ ಜೊತೆಗಿತ್ತು. ಕಾರು ಕೆಮ್ಮಿದರೆ ಅಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ಎಂದು ಆಕೆ ಮೊದಲೇ ಹೇಳಿದ್ದರು. ಕಾರು ಬೆಣ್ಣೆಯ ಮೇಲೆ ಜಾರಿದಂತೆ ಹೋಗಿ ಆಸ್ಪತ್ರೆಯ ಗೇಟಿನಲ್ಲಿ ನಿಂತಿತು.

ಅತ್ತೆ ಬೆಲ್ಟ್ ಬಿಚ್ಚಲಿಲ್ಲ.

“ಅಳಿಯಂದ್ರೇ, ಒಂಚೂರು ಜಗ್ಗಿದ ಹಾಗಾಯ್ತಲ್ಲ? ಇನ್ನೊಂದು ಸಲ ನೋಡಿಬಿಡಿ.”

ಎಳ್ಳಷ್ಟೂ ಜಗ್ಗಿರಲಿಲ್ಲ. ಹೆಂಡತಿ ಬಾಯಿ ತೆರೆಯುವುದರೊಳಗೆ ಶ್ ಸಾರ್ ಗಾಡಿ ತಿರುಗಿಸಿ ಕೆಳಗಿಳಿದರು, ಮತ್ತೆ ಹತ್ತಿದರು. ಅತ್ತೆ ಮತ್ತೆ ಬೆಲ್ಟ್ ಬಿಚ್ಚಲಿಲ್ಲ. “ಇನ್ನೊಂದೇ ಒಂದು ಸಲ,” ಅಂದರು.

ಈ ಸಲ ಏರಿನ ಬುಡದಲ್ಲಿ ಶ್ ಸಾರ್ ಕಾರು ನಿಲ್ಲಿಸಿದರು. ಕಿಟಕಿಯ ಕಡೆಗೇ ಮುಖ ಮಾಡಿಕೊಂಡಿದ್ದ ಅತ್ತೆ, ಹಿಂದಿನ ಸೀಟಿಗೆ ಕೇಳದಷ್ಟು ಮೆಲ್ಲಗೆ ಅಂದರು: “ಕಾರು ಕೆಟ್ಟಿದ್ದೇ ಚೆನ್ನಾಗಿತ್ತಪ್ಪ. ಇರೋದು ಇದೊಂದೇ ಕಣ್ಣು. ಇದೂ ಹೋದ್ರೆ?” ಸೆರಗನ್ನು ಬಾಯಿಗೆ ಒತ್ತಿಕೊಂಡರು. ಮಗಳ ಮುಂದೆ ಆಕೆ ಯಾವತ್ತೂ ಅತ್ತವರಲ್ಲ.

ಶ್ ಸಾರ್ ಎರಡನೇ ಗೇರಿಗೆ ಹಾಕಿ ತುಳಿದರು. ಎಂಜಿನ್ ಅರಚಿತು, ಗಾಜುಗಳು ಗಡಗಡ ಅಂದವು, ಹೆಂಡತಿ ಎಂದಿನಂತೆ ಕಿವಿ ಮುಚ್ಚಿದಳು. ಆ ಸದ್ದಿನಲ್ಲಿ ಅತ್ತೆ ಏರಿನ ಉದ್ದಕ್ಕೂ ಮನಸಾರೆ ಅತ್ತರು. ಅಳಿಯ ರಸ್ತೆಯನ್ನೇ ನೋಡುತ್ತ ಓಡಿಸಿದರು.

ಗೇಟು ಬಂತು. ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ತಾವೇ ಬೆಲ್ಟ್ ಬಿಚ್ಚಿದರು. “ನಡೀರಿ,” ಅಂದರು.

“ಅಮ್ಮ ಕೂತಿರುವಾಗ ಏನ್ರೀ ಅಷ್ಟೊಂದು ಸದ್ದು?” ಎಂದಳು ಹೆಂಡತಿ ಹಿಂದಿನಿಂದ. “ಮತ್ತೇನಾದ್ರೂ ಕೆಟ್ಟಿತಾ?”

“ಇಲ್ಲ,” ಅಂದರು ಶ್ ಸಾರ್, ಗೇಟಿನ ಕಾವಲುಗಾರ ತಿರುಗಿ ನೋಡುವಷ್ಟು ಜೋರಾಗಿ. “ಎಲ್ಲಾ ಸರಿಯಾಗಿದೆ.”