ತೊಟ್ಟಿಲಕ್ಕ ಸಾಕಿದ ಜೀವಕೋಶಗಳು

ಕಟ್ಟುಕಥೆಯಲ್ಲ, ನಡೆದದ್ದೇ. ಬೀದಿದೀಪ ಇನ್ನೂ ಆರಿಲ್ಲ. ಪ್ರಯೋಗಾಲಯದ ನೆಲಮಾಳಿಗೆಯಲ್ಲಿ ತೊಟ್ಟಿಲಕ್ಕ ಆಗಲೇ ಮೊಣಕೈವರೆಗೆ ಕೈ ತೊಳೆಯುತ್ತಿದ್ದಾರೆ. ಮೈಬಿಸಿಯಷ್ಟೇ ಬೆಚ್ಚಗಿರುವ ಉಕ್ಕಿನ ಪೆಟ್ಟಿಗೆಯನ್ನು ಆಕೆ ತೊಟ್ಟಿಲು ಎನ್ನುತ್ತಾರೆ. ಆಕೆಗೆ ಈ ಹೆಸರು ಅಂಟಿದ್ದು ಹಾಗೆ. ಅದರೊಳಗಿನ ತಟ್ಟೆಗಳಲ್ಲಿ ಮಲಗಿರುವುದು ಕಣ್ಣಿಗೆ ಕಾಣದ ಜೀವಕೋಶಗಳು. ಅವುಗಳ ಆಹಾರವಾದ ಹಳೆಯ ದ್ರವ ತೆಗೆದು ಹೊಸದು ಹಾಕುವಾಗ ಆಕೆ ಉಸಿರನ್ನೂ ಅಳೆದು ಬಿಡುತ್ತಾರೆ.

“ನಂಗೂ ನೀನು ಹೀಗೆ ಹೊತ್ತಿಗೆ ಸರಿಯಾಗಿ ಊಟ ಹಾಕ್ಲಿಲ್ಲ ಅಂತ ನನ್ ಮಗಳು ಇವತ್ತಿಗೂ ಆಡ್ಕೋತಾಳೆ!” ಎನ್ನುತ್ತಾರೆ.

ಗಂಡ ತೀರಿಕೊಂಡ ಮೇಲೆ ಗಾಜು ತೊಳೆಯಲು ಬಂದವರು, ನೋಡುತ್ತ ನೋಡುತ್ತ ಕೋಶ ಸಾಕುವುದನ್ನು ಕಲಿತರು. ಭಾನುವಾರವೂ ರಜೆಯಿಲ್ಲ. ಕಳೆದ ವಾರ ಒಂದು ತಟ್ಟೆ ಪೂರ್ತಿ ಸತ್ತಿತು. ಇನ್ನೊಮ್ಮೆ ಹೀಗಾದರೆ ಮತ್ತೆ ಗಾಜು ತೊಳೆಯುವ ಕೆಲಸಕ್ಕೇ ಎಂದಿದ್ದಾರೆ ಪ್ರಯೋಗಾಲಯ ನಡೆಸುವ ಮೇಡಂ.

ಯಾರ ದನಿಯನ್ನಾದರೂ ಕದ್ದು ಹಾಗೇ ಮಾತಾಡಬಲ್ಲ ಸಂಶೋಧಕಿಗೆ ಇಲ್ಲಿ ಗಿಳಿ ಎಂದೇ ಹೆಸರು. “ಬನ್ನಿ ಅಕ್ಕ, ಒಂದ್ಸಲನಾದ್ರೂ ನಿಮ್ ಮಕ್ಕಳ ಆಟ ನೋಡಿ,” ಎಂದು ಇವತ್ತು ಅವಳು ಆಕೆಯನ್ನು ಕತ್ತಲ ಕೋಣೆಗೆ ಎಳೆದು ತರುತ್ತಾಳೆ.

ಕ್ಯಾಲ್ಸಿಯಂ ಏರಿದರೆ ಹೊಳೆಯುವ ಬಣ್ಣ ಕೋಶಗಳಲ್ಲಿದೆ. ಸುತ್ತಲಿನ ದ್ರವದಲ್ಲಿ ಮಾತ್ರ ಕ್ಯಾಲ್ಸಿಯಂ ಇಲ್ಲ. ಗಿಳಿ ಕೋಶಗಳನ್ನು ಕೆರಳಿಸುವ ಒಂದು ಹನಿ ಔಷಧಿ ಬಿಟ್ಟದ್ದೇ ತಡ, ಸೂಕ್ಷ್ಮದರ್ಶಕದ ಪರದೆಯ ತುಂಬ ಹಸಿರು ಮಿಂಚು!

“ಅಯ್ಯೋ, ಹೊರಗೆ ಏನೂ ಇಲ್ದೆ ಎಲ್ಲಿಂದ ಬಂತೇ?”

“ಒಳಗೇ ಉಗ್ರಾಣ ಇಟ್ಕೊಂಡಿರ್ತವೆ ಅಕ್ಕ. ಕರೆ ಬಂದ್ರೆ ಬಾಗ್ಲು ತೆಗೀತವೆ.”

ಹೊಳಪು ಆರುತ್ತದೆ. ಹೆಚ್ಚು ಹೊತ್ತು ಉಳಿದರೆ ಪ್ರಾಣಕ್ಕೇ ಕುತ್ತು, ಅದಕ್ಕೇ ಕೋಶ ಕ್ಯಾಲ್ಸಿಯಂ ಅನ್ನು ಹೊರದಬ್ಬುತ್ತದೆ. ಮತ್ತೊಂದು ಹನಿ ಬೀಳುತ್ತದೆ. ಕತ್ತಲೆ. ಇನ್ನೊಂದು. ಕತ್ತಲೆಯೇ.

ಬೆನ್ನ ಹಿಂದೆ ಮೇಡಂ ದನಿ ಗುಡುಗುತ್ತದೆ: “ಏನ್ರೀ, ಈ ತಟ್ಟೇನೂ ಕೊಂದ್ರಾ?”

ತೊಟ್ಟಿಲಕ್ಕ ಬೆಚ್ಚುತ್ತಾರೆ. “ಬೆಳಿಗ್ಗೆ ಚೆನ್ನಾಗೇ ಇದ್ವು ಮೇಡಂ...” ಎಂದು ತಿರುಗಿದರೆ, ಬಾಯಿಗೆ ಸೆರಗು ಒತ್ತಿ ನಗುತ್ತಿರುವ ಗಿಳಿ!

“ಸತ್ತಿಲ್ಲ ಅಕ್ಕಾ, ಉಗ್ರಾಣ ಖಾಲಿ ಅಷ್ಟೇ. ಖಾಲಿಯಾದ ಸುದ್ದಿ ಕೋಶದ ಹೊರಗೋಡೆಗೆ ಮುಟ್ಟಿ, ಅಲ್ಲಿನ ಬಾಗಿಲುಗಳು ತೆರ್ಕೊಂಡು ಕಾಯ್ತಿವೆ. ನೋಡಿ ಈಗ.”

ಅವಳು ಕ್ಯಾಲ್ಸಿಯಂ ಇರುವ ದ್ರವ ಹರಿಸುತ್ತಾಳೆ. ಮೊದಲು ಒಂದು ಮೂಲೆ, ಆಮೇಲೆ ಇಡೀ ಪರದೆ ಹಸಿರಾಗಿ ಬೆಳಗುತ್ತದೆ. ತೊಟ್ಟಿಲಕ್ಕನ ಕಣ್ಣು ತುಂಬುತ್ತದೆ. “ಇಷ್ಟೆಲ್ಲ ಮಾಡ್ತವಾ ಇವು? ನಾನು ಬರೀ ಮಲಗಿರ್ತವೆ ಅಂದ್ಕೊಂಡಿದ್ದೆ...”

“ಏನದು ಗಲಾಟೆ?” ಮತ್ತೆ ಮೇಡಂ ದನಿ.

“ಸಾಕು ಸುಮ್ನಿರೇ! ಇನ್ನು ಆ ಗೂಬೆ ದನಿಗೆಲ್ಲ ನಾನು ಹೆದರಲ್ಲ,” ಎಂದು ಗದರುತ್ತ ತೊಟ್ಟಿಲಕ್ಕ ಗಿಳಿಯತ್ತ ತಿರುಗುತ್ತಾರೆ.

ಗಿಳಿಯ ಬಾಯಿ ಮುಚ್ಚಿಯೇ ಇದೆ. ಬಾಗಿಲಲ್ಲಿ ನಿಂತಿರುವವರು ನಿಜವಾದ ಮೇಡಂ. ಅವರು ಪರದೆಯನ್ನು ದಿಟ್ಟಿಸುತ್ತಾರೆ, ತುಟಿಯಂಚಿನಲ್ಲಿ ನಗು ಇಣುಕುತ್ತದೆ. “ಗೂಬೆ ಹೇಳ್ತಿದೆ, ಕೇಳಿಸ್ಕೊಳ್ಳಿ. ತಟ್ಟೆ ಚೆನ್ನಾಗಿದೆ. ನಾಳೆ ತಟ್ಟೇನೂ ನಿಮ್ಮ ಕೈಯಿಂದ್ಲೇ ಬರ್ಲಿ.”

ಕತ್ತಲ ಕೋಣೆ ನಗೆಯಲ್ಲಿ ಸಿಡಿಯುತ್ತದೆ. ಎಲ್ಲರಿಗಿಂತ ಜೋರಾಗಿ, ಗೋಡೆ ಹಿಡಿದುಕೊಂಡು ನಗುತ್ತಿರುವವರು ತೊಟ್ಟಿಲಕ್ಕ.